‘ಗೋಕರ್ಣ’ದ ಅರ್ಕಾವತ್ತು ತಪ್ಪಿದರೆ ದೂರು ಮುಟ್ಟಿಸುವುದು ಹೇಗೆ?

ಕುಮಟೆಯ ಡಿಟಿಪಿ ಅಂಗಡಿಯೊಂದರಲ್ಲಿ ಲಗ್ನಪತ್ರಿಕೆ ಸಿದ್ಧವಾಗುತ್ತಿದೆ ಎಂದುಕೊಳ್ಳಿ. ಕಂಪ್ಯೂಟರಿನಲ್ಲಿರುವುದು ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ, ಬರೆಯಲು ಬಳಸುವುದು ಲಿಬ್ರೆಆಫೀಸ್ ಎಂಬ ತಂತ್ರಾಂಶ. ‘ಗೋಕರ್ಣ’ ಎಂದು ಟೈಪು ಮಾಡಿದರೆ ಅರ್ಕಾವತ್ತು ‘ಣ’ಕಾರದ ಬಲಕ್ಕೆ ಕೂರುವ ಬದಲು ಅದರ ಮೈಮೇಲೇ ಏರಿದೆ. ಅಂಗಡಿಯವರು ಡೆಬಿಯನ್‌ಗೆ ದೋಷ ವರದಿ ಕಳುಹಿಸುತ್ತಾರೆ. ಅದು ತಲುಪುವುದು ಲಿಬ್ರೆಆಫೀಸ್ ಬರೆದವರನ್ನಲ್ಲ, ಆ ತಂತ್ರಾಂಶವನ್ನು ಡೆಬಿಯನ್‌ಗೆ ಹೊಂದಿಸಿ ಪ್ಯಾಕೇಜು ಕಟ್ಟುವ ಸ್ವಯಂಸೇವಕ ನಿರ್ವಾಹಕರನ್ನು.

ತಂತ್ರಾಂಶದ ಮೂಲ ಲೇಖಕರನ್ನು ಈ ವಲಯದಲ್ಲಿ, ಹೊಳೆಯ ಮೇಲ್ಭಾಗ ಎಂಬ ಅರ್ಥದಲ್ಲಿ, ‘ಅಪ್‌ಸ್ಟ್ರೀಮ್’ ಎನ್ನುತ್ತಾರೆ. ಶಿರಸಿಯಲ್ಲಿ ಹುಟ್ಟಿ ತದಡಿಯಲ್ಲಿ ಕಡಲು ಸೇರುವ ಅಘನಾಶಿನಿಯನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ‘ಇದು ನಮ್ಮದಲ್ಲ, ಮೇಲಿನವರನ್ನು ಕೇಳಿ’ ಎಂದು ಬರೆದು ಕೈತೊಳೆದುಕೊಳ್ಳುವ ನಿರ್ವಾಹಕರೂ ಇದ್ದಾರೆ. ಆದರೆ ಅಗತ್ಯವಿದ್ದಾಗ ವರದಿಯನ್ನು ಮೂಲ ಲೇಖಕರಿಗೆ ಮುಟ್ಟಿಸುವುದು ನಿರ್ವಾಹಕರದೇ ಹೊಣೆ ಎಂದು ಡೆಬಿಯನ್‌ನ ಕೈಪಿಡಿ ಹೇಳುತ್ತದೆ.

ನೀವು ಅಂಥ ನಿರ್ವಾಹಕರಾಗಿದ್ದರೆ, ಮೊದಲು ದೋಷವನ್ನು ನಿಮ್ಮ ಯಂತ್ರದಲ್ಲಿಯೇ ಮರುಕಳಿಸಿ ನೋಡಿ. ಯಾವ ಆವೃತ್ತಿ, ಯಾವ ಫಾಂಟ್ ಎಂಬುದು ವರದಿಯಲ್ಲಿ ಇಲ್ಲದಿದ್ದರೆ ಕೇಳಿ, ಉತ್ತರ ಬರುವವರೆಗೆ ವರದಿಗೆ ‘ಮೋರ್‌ಇನ್ಫೋ’ ಗುರುತು ಹಾಕಿ. ಹೊಸ ಪ್ಯಾಕೇಜುಗಳು ಮೊದಲು ಬರುವ ‘ಸಿಡ್’ ಶಾಖೆಯಲ್ಲಿ ದೋಷ ಆಗಲೇ ಸರಿಹೋಗಿರಲೂಬಹುದು.

ಮುಂದಿನ ಹಂತದಲ್ಲಿಯೇ ಹೆಚ್ಚಿನ ಹೊತ್ತು ಹೋಗುತ್ತದೆ, ಹೋಗಬೇಕು ಕೂಡ. ‘ರ್ಣ’ ಎಂಬುದು ಕಡತದಲ್ಲಿ ರ, ವಿರಾಮ (ಸ್ವರವಿಲ್ಲ ಎಂದು ತೋರಿಸುವ ಹಲಂತ ಚಿಹ್ನೆ), ಣ ಎಂಬ ಕ್ರಮದಲ್ಲಿಯೇ ಉಳಿದಿರುತ್ತದೆ. ರಕಾರವನ್ನು ಹಿಂದಕ್ಕೆ ಸರಿಸಿ ಅರ್ಕಾವತ್ತಾಗಿಸುವ ಕೆಲಸ ಹಾರ್ಫ್‌ಬಝ್ ಎಂಬ ತಂತ್ರಾಂಶ ಗ್ರಂಥಾಲಯದ್ದು (ಬೇರೆ ತಂತ್ರಾಂಶಗಳು ಎರವಲು ಪಡೆದು ಬಳಸುವ ಸಿದ್ಧ ಕ್ರಮವಿಧಿಗಳ ಕಟ್ಟು), ಆ ಅರ್ಕಾವತ್ತಿನ ಆಕಾರ ಮತ್ತು ಅಗಲ ಫಾಂಟಿನವು, ಸಾಲನ್ನು ಪುಟದಲ್ಲಿ ಕೂರಿಸುವುದು ಲಿಬ್ರೆಆಫೀಸ್. ಮೂರಕ್ಕೂ ಬೇರೆ ಬೇರೆ ಲೇಖಕರು. ಹಾರ್ಫ್‌ಬಝ್ ಜೊತೆಗೇ ಬರುವ ‘ಎಚ್‌ಬಿ-ವ್ಯೂ’ ಆಜ್ಞೆಗೆ ಈ ಒಂದೇ ಪದವನ್ನು ಕೊಟ್ಟು ಗುಬ್ಬಿ, ನವಿಲು, ಲೋಹಿತ್ ಫಾಂಟುಗಳಲ್ಲಿ ಚಿತ್ರಿಸಿ ನೋಡಿ. ಒಂದರಲ್ಲಿ ಮಾತ್ರ ಕೆಟ್ಟರೆ ಬಹುಮಟ್ಟಿಗೆ ತಪ್ಪು ಫಾಂಟಿನದು. ಎಲ್ಲದರಲ್ಲೂ ಕೆಟ್ಟರೆ ಹಾರ್ಫ್‌ಬಝ್ ಕಡೆ ನೋಡಬೇಕು. ಇಲ್ಲಿ ಸರಿಯಿದ್ದು ಲಿಬ್ರೆಆಫೀಸಿನಲ್ಲಿ ಮಾತ್ರ ಕೆಟ್ಟರೆ ಅಲ್ಲಿಯೇ ಹುಡುಕಬೇಕು. ದೋಷ ಬೇರೆ ಪ್ಯಾಕೇಜಿನದೆಂದು ಖಚಿತವಾದರೆ ವರದಿಯನ್ನು ಅದರ ನಿರ್ವಾಹಕರಿಗೆ ವರ್ಗಾಯಿಸಿ. ಮೇಲಕ್ಕೆ ದೂರುವ ಮುನ್ನ ಡೆಬಿಯನ್ ತಾನೇ ಸೇರಿಸಿದ ತೇಪೆಗಳನ್ನು (ಮೂಲ ತಂತ್ರಾಂಶಕ್ಕೆ ಮಾಡಿದ ಸಣ್ಣ ತಿದ್ದುಪಡಿಗಳನ್ನು) ತೆಗೆದು ಪ್ಯಾಕೇಜನ್ನು ಕಟ್ಟಿ ನೋಡುವುದನ್ನು ಮರೆಯಬೇಡಿ: ನಾವೇ ಮಾಡಿದ ತಪ್ಪನ್ನು ಲೇಖಕರ ತಲೆಗೆ ಕಟ್ಟುವಷ್ಟು ಮುಜುಗರ ಬೇರೆ ಇಲ್ಲ.

ಮೂಲ ಲೇಖಕರ ದೋಷಪಟ್ಟಿಯಲ್ಲಿ ಅದೇ ದೂರು ಮೊದಲೇ ಇದೆಯೇ ಎಂದು ಹುಡುಕಿ, ಇಲ್ಲದಿದ್ದರೆ ಹೊಸದಾಗಿ ಬರೆಯಿರಿ. ಕನ್ನಡ ಬಾರದವರು ಓದುತ್ತಾರೆ ಎಂಬ ಎಚ್ಚರವಿರಲಿ. ‘ಅಕ್ಷರ ಕೆಟ್ಟಿದೆ’ ಎಂದರೆ ಅವರಿಗೆ ಏನೂ ತಿಳಿಯದು. ಸರಿಯಾದ ರೂಪದ ಮತ್ತು ಕೆಟ್ಟ ರೂಪದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಒಂದೇ ಪದದ ಮಾದರಿ ಕಡತವನ್ನು ಜೋಡಿಸಿ. ಲಗ್ನಪತ್ರಿಕೆಯನ್ನು ಹಾಗೆಯೇ ಕಳುಹಿಸಬೇಡಿ, ಅದರಲ್ಲಿ ಬೇರೆಯವರ ಹೆಸರು, ವಿಳಾಸಗಳಿರುತ್ತವೆ.

ಬಳಿಕ ಡೆಬಿಯನ್‌ನ ವರದಿಗೆ ‘ಅಪ್‌ಸ್ಟ್ರೀಮ್’ ಗುರುತು ಹಾಕಿ, ‘ಫಾರ್ವರ್ಡೆಡ್’ ಎಂಬಲ್ಲಿ ಮೇಲಿನ ದೂರಿನ ಕೊಂಡಿಯನ್ನು ದಾಖಲಿಸಿ. ವರದಿಯನ್ನು ಮುಚ್ಚಬೇಡಿ, ದೋಷ ಇನ್ನೂ ಇದೆ. ಲೇಖಕರ ಪ್ರಶ್ನೆಗಳಿಗೆ ಅಂಗಡಿಯವರಿಂದ ಉತ್ತರ ಪಡೆದು ಕೊಡುವ ಕೆಲಸವೂ ಸಾಮಾನ್ಯವಾಗಿ ನಿಮ್ಮ ಮೇಲೆಯೇ ಬೀಳುತ್ತದೆ.

ಲೇಖಕರು ತಿದ್ದಿದ್ದರೂ ಹೊಸ ಆವೃತ್ತಿ ತಡವಾದರೆ ಆ ತಿದ್ದುಪಡಿಯನ್ನಷ್ಟೇ ತೇಪೆಯಾಗಿ ಪ್ಯಾಕೇಜಿಗೆ ಸೇರಿಸಬಹುದು. ಅದು ಎಲ್ಲಿಂದ ಬಂತು, ಯಾವ ದೂರಿಗೆ ಸೇರಿದ್ದು ಎಂಬುದನ್ನು ತೇಪೆಯ ತಲೆಯಲ್ಲಿ ಬರೆದಿಟ್ಟರೆ ಮುಂದೆ ಅದನ್ನು ಕೈಬಿಡುವುದು ಸುಲಭ. ಪ್ಯಾಕೇಜಿನ ಬದಲಾವಣೆ ಪಟ್ಟಿಯಲ್ಲಿ ವರದಿಯ ಸಂಖ್ಯೆಯನ್ನು ನಿಗದಿತ ರೀತಿಯಲ್ಲಿ ನಮೂದಿಸಿದರೆ, ಪ್ಯಾಕೇಜು ಸಿಡ್ ಸೇರಿದಾಗ ವರದಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಆದರೆ ಕುಮಟೆಯವರ ಕಂಪ್ಯೂಟರಿನಲ್ಲಿ ಇರುವುದು ಪ್ರಾಯಶಃ ಸ್ಥಿರ ಆವೃತ್ತಿ, ಅದಕ್ಕೆ ಗಂಭೀರ ದೋಷಗಳ ತಿದ್ದುಪಡಿಯಷ್ಟೇ ಹೋಗುತ್ತದೆ; ಆದ್ದರಿಂದ ಯಾವ ಬಿಡುಗಡೆಯಲ್ಲಿ ಸರಿಯಾಗುತ್ತದೆ, ಅಲ್ಲಿಯವರೆಗೆ ಯಾವ ಫಾಂಟ್ ಬಳಸಬಹುದು ಎಂದು ಅವರಿಗೆ ಎರಡು ಸಾಲು ಬರೆದು ತಿಳಿಸಿ.