ಒಂದೇ ಡೇಟಾ ಡ್ರೈವ್, ಎರಡು ಆಪರೇಟಿಂಗ್ ಸಿಸ್ಟಂ: ವಿಂಡೋಸ್ ಮತ್ತು ಉಬುಂಟು ಜೊತೆಗೆ ನನ್ನ ಅನುಭವ

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಅವುಗಳ ಪಠ್ಯವನ್ನು ಯೂನಿಕೋಡ್‌ಗೆ ತಂದು, ಮರುಮುದ್ರಣಕ್ಕೆ ಸಿದ್ಧಪಡಿಸುವುದು ನನ್ನ ಕೆಲಸ. ಇದರಲ್ಲಿ ಅರ್ಧ ಕೆಲಸಕ್ಕೆ ವಿಂಡೋಸ್ ಬೇಕೇ ಬೇಕು. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕಡತಗಳೂ ಪೇಜ್‌ಮೇಕರ್‌ನಲ್ಲಿ ಕಟ್ಟಿದ ಪುಟಗಳೂ ಅಲ್ಲಿಯೇ ಸರಿಯಾಗಿ ತೆರೆದುಕೊಳ್ಳುತ್ತವೆ. ನೂರಾರು ಪುಟಚಿತ್ರಗಳ ಓರೆಯನ್ನು ಒಟ್ಟಿಗೆ ತಿದ್ದಿ, ಟೆಸರಾಕ್ಟ್ ಎಂಬ ತಂತ್ರಾಂಶದ ಮೂಲಕ ಅಕ್ಷರ ಗುರುತಿಸುವ ಉಳಿದರ್ಧ ಕೆಲಸಕ್ಕೆ ನನಗೆ ಒಗ್ಗಿರುವುದು ಲಿನಕ್ಸ್ ಆಧಾರಿತ ಉಬುಂಟು. ಎರಡೂ ಸಿಸ್ಟಂಗಳು 512 ಜಿಬಿಯ ಒಂದು ಎಸ್‌ಎಸ್‌ಡಿಯಲ್ಲಿವೆ. ಚಿತ್ರಗಳು ಮತ್ತು ಪಠ್ಯಗಳೆಲ್ಲ 1 ಟಿಬಿಯ ಪ್ರತ್ಯೇಕ ಹಾರ್ಡ್ ಡಿಸ್ಕಿನಲ್ಲಿವೆ. ಆ ಡಿಸ್ಕನ್ನು ಎರಡೂ ಕಡೆಯಿಂದ ನಿರ್ಭಯವಾಗಿ ಬಳಸುವಂತೆ ನಾನು ಹೇಗೆ ಹೊಂದಿಸಿಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೀರ್ಮಾನಿಸಬೇಕಾದದ್ದು ಡಿಸ್ಕಿನ ಫಾರ್ಮ್ಯಾಟ್, ಅಂದರೆ ಅದರಲ್ಲಿ ಕಡತಗಳನ್ನು ಜೋಡಿಸಿಡುವ ಮಾದರಿ. ಫ್ಯಾಟ್32 ಮಾದರಿಯಲ್ಲಿ ಒಂದು ಕಡತ 4 ಜಿಬಿ ಮುಟ್ಟುವಂತಿಲ್ಲ. ಸ್ಕ್ಯಾನ್ ಮಾಡಿದ ದಪ್ಪ ಪುಸ್ತಕವೊಂದರ ಕಟ್ಟು ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಉಬುಂಟುವಿನ ಎಕ್ಸ್‌ಟಿ4 ಮಾದರಿಯನ್ನು ವಿಂಡೋಸ್ ತಾನಾಗಿ ಓದುವುದಿಲ್ಲ. ವಿಂಡೋಸ್‌ನೊಳಗಿನ ಲಿನಕ್ಸ್ ಪರಿಸರದ ಮೂಲಕ ಅಂಥ ಡಿಸ್ಕನ್ನು ಜೋಡಿಸಬಹುದಾದರೂ, ನನ್ನ ಪುಟವಿನ್ಯಾಸದ ಹಳೆಯ ತಂತ್ರಾಂಶಗಳನ್ನು ಆ ಸುತ್ತುದಾರಿಯಲ್ಲಿ ನಡೆಸಲು ನನಗೆ ಮನಸ್ಸಾಗಲಿಲ್ಲ. ಎಕ್ಸ್‌ಫ್ಯಾಟ್ ಆಕರ್ಷಕವಾಗಿತ್ತು. ಅದರ ವಿವರಣೆಯನ್ನು ಮೈಕ್ರೋಸಾಫ್ಟ್ 2019ರಲ್ಲಿ ಬಹಿರಂಗಪಡಿಸಿದ ಮೇಲೆ ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲಿಯೇ ಅದಕ್ಕೆ ಬೆಂಬಲ ಬಂದಿದೆ. ಆದರೆ ಬದಲಾವಣೆಗಳನ್ನು ಮುಂಚಿತವಾಗಿ ಟಿಪ್ಪಣಿ ಮಾಡಿಟ್ಟುಕೊಳ್ಳುವ ಜರ್ನಲ್ ಅದರಲ್ಲಿಲ್ಲ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಡಿಸ್ಕಿನ ವಿವರಪಟ್ಟಿ ಕೆಡುವ ಸಂಭವ ಹೆಚ್ಚು. ಹಾಗಾಗಿ 1993ರ ವಿಂಡೋಸ್ ಎನ್‌ಟಿಯೊಂದಿಗೆ ಬಂದ ಎನ್‌ಟಿಎಫ್‌ಎಸ್ ಅನ್ನೇ ಆರಿಸಿದೆ. ಜರ್ನಲ್ಲಿನ ಪೂರ್ಣ ಪ್ರಯೋಜನ ವಿಂಡೋಸ್ ಬರೆಯುವಾಗ ಮಾತ್ರ ಸಿಗುತ್ತದೆಂಬುದು ನಿಜ. ಯುಪಿಎಸ್ ಇಲ್ಲದೆ ಉಬುಂಟುವಿನಲ್ಲಿ ದೊಡ್ಡ ಕೆಲಸಕ್ಕೆ ನಾನು ಕೈಹಾಕುವುದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಡಿಸ್ಕನ್ನು ಓದಲು ಬರೆಯಲು ಉಬುಂಟುವಿಗೆ ಬರುತ್ತದೆಯೇ ಎಂಬ ಪ್ರಶ್ನೆ ಎಂದೋ ಬಗೆಹರಿದಿದೆ. ವಿಂಡೋಸ್ ಆ ಡಿಸ್ಕನ್ನು ನಿಜವಾಗಿ ಬಿಟ್ಟುಕೊಟ್ಟಿದೆಯೇ ಎಂಬುದೇ ಉಳಿದಿರುವ ಪ್ರಶ್ನೆ. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಬಂದಿದೆ. ಇದು ಚಾಲೂ ಇರುವಾಗ ಶಟ್‌ಡೌನ್ ಒತ್ತಿದರೆ ನಮ್ಮ ಕಾರ್ಯಕ್ರಮಗಳು ಮುಚ್ಚಿಕೊಳ್ಳುತ್ತವೆ, ಆದರೆ ಸಿಸ್ಟಮಿನ ತಿರುಳು ಪೂರ್ತಿ ನಿಲ್ಲದೆ, ತನ್ನ ನೆನಪನ್ನು ಸಿ ಡ್ರೈವಿನ ಒಂದು ಕಡತದಲ್ಲಿ ಬರೆದಿಟ್ಟು ಮಲಗುತ್ತದೆ. ಡೇಟಾ ಡ್ರೈವಿನಲ್ಲಿ ಯಾವ ಕಡತ ಎಲ್ಲಿದೆ ಎಂಬ ವಿವರದ ಒಂದು ಭಾಗವೂ ಆ ನೆನಪಿನಲ್ಲಿ ಸೇರಿರುತ್ತದೆ. ಅಂಗಡಿಯ ಯಜಮಾನರು ಅರ್ಧ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಊಟಕ್ಕೆ ಹೋಗಿರುವಾಗ ಬೇರೊಬ್ಬರು ಅದೇ ಖಾತೆ ಪುಸ್ತಕದಲ್ಲಿ ಬರೆದರೆ ಏನಾಗುವುದೋ ಇಲ್ಲಿಯೂ ಅದೇ ಆಗುತ್ತದೆ: ವಿಂಡೋಸ್ ಎಚ್ಚರಗೊಂಡು ತನ್ನ ಹಳೆಯ ನೆನಪಿನ ಪ್ರಕಾರ ಬರೆಯಲಾರಂಭಿಸಿದರೆ ಉಬುಂಟು ಉಳಿಸಿದ ಕಡತಗಳು ಹಾಳಾಗಬಹುದು.

ಉಬುಂಟುವಿನ ಎನ್‌ಟಿಎಫ್‌ಎಸ್-3ಜಿ ಚಾಲಕಕ್ಕೆ (ಇಂಥ ಡಿಸ್ಕನ್ನು ಓದಿ ಬರೆಯುವ ತಂತ್ರಾಂಶ) ಈ ಅಪಾಯ ತಿಳಿದಿದೆ. ಡಿಸ್ಕಿನ ವಿವರಗಳು ಇನ್ನೂ ವಿಂಡೋಸ್‌ನ ನೆನಪಿನಲ್ಲಿವೆ ಎಂಬ ಸೂಚನೆ ಕೊಟ್ಟು, ಡಿಸ್ಕನ್ನು ಓದಲು ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. ಇದನ್ನು ಅನೇಕರು ದೋಷವೆಂದು ಭಾವಿಸಿ, ಬಲವಂತವಾಗಿ ಬರೆಯುವ ಉಪಾಯಗಳನ್ನು ಹುಡುಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ತಡೆ ನಿಮ್ಮ ಕಡತಗಳ ರಕ್ಷಣೆಗಾಗಿಯೇ ಇದೆ. ನಾನು ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕಿದೆ, ಜೊತೆಗೆ ನೆನಪನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಮಲಗುವ ಹೈಬರ್ನೇಷನ್ನನ್ನೂ ನಿಲ್ಲಿಸಿದೆ. ಎಸ್‌ಎಸ್‌ಡಿ ಇರುವುದರಿಂದ ಕಂಪ್ಯೂಟರ್ ಆರಂಭವಾಗಲು ಹಿಡಿಯುವ ಸಮಯದಲ್ಲಿ ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೇರೆಯವರ ಕಂಪ್ಯೂಟರಿನಲ್ಲಿ ಈ ಬದಲಾವಣೆ ಮಾಡಲು ಸಾಧ್ಯವಿಲ್ಲದಿದ್ದರೆ, ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿ ಉಬುಂಟುವಿಗೆ ಬನ್ನಿ. ರೀಸ್ಟಾರ್ಟಿನಲ್ಲಿ ವಿಂಡೋಸ್ ಪೂರ್ತಿಯಾಗಿ ಮುಚ್ಚಿಕೊಳ್ಳುತ್ತದೆ. ಉಬುಂಟುವನ್ನು ಹೈಬರ್ನೇಟ್ ಮಾಡಿ ವಿಂಡೋಸ್‌ಗೆ ಹೋಗುವುದೂ ಅಷ್ಟೇ ಅಪಾಯಕಾರಿ.

ಉಬುಂಟುವಿನಲ್ಲಿ ಈ ಡಿಸ್ಕು ಪ್ರತಿ ಬಾರಿಯೂ ಒಂದೇ ಜಾಗದಲ್ಲಿ ತೆರೆದುಕೊಳ್ಳಬೇಕು. ಇಲ್ಲವಾದರೆ ನನ್ನ ಸ್ಕ್ರಿಪ್ಟುಗಳು ಚಿತ್ರಗಳನ್ನು ಕಂಡುಕೊಳ್ಳಲಾರವು. ಅದಕ್ಕಾಗಿ ಎಫ್‌ಎಸ್‌ಟ್ಯಾಬ್ ಎಂಬ, ಯಾವ ಡಿಸ್ಕು ಎಲ್ಲಿ ತೆರೆದುಕೊಳ್ಳಬೇಕೆಂದು ತಿಳಿಸುವ ಕಡತದಲ್ಲಿ ಒಂದು ಸಾಲು ಸೇರಿಸಿದೆ. ಡಿಸ್ಕನ್ನು ಅದರ ಸಾಧನದ ಹೆಸರಿನಿಂದ ಗುರುತಿಸದೆ ಅದಕ್ಕಷ್ಟೇ ಸೇರಿದ ಯುಯುಐಡಿ ಎಂಬ ಗುರುತು ಸಂಖ್ಯೆಯಿಂದ ಗುರುತಿಸಿದೆ, ಏಕೆಂದರೆ ಮತ್ತೊಂದು ಡಿಸ್ಕು ಜೋಡಿಸಿದಾಗ ಸಾಧನದ ಹೆಸರು ಬದಲಾಗಬಹುದು. ಮಾಲೀಕತ್ವವನ್ನು ಉಬುಂಟುವಿನ ಮೊದಲ ಬಳಕೆದಾರರ ಸಂಖ್ಯೆಯಾದ 1000ಕ್ಕೆ ಕೊಟ್ಟೆ. ಎಲ್ಲ ಕಡತಗಳೂ ಚಲಾಯಿಸಬಹುದಾದ ಕಾರ್ಯಕ್ರಮಗಳೆಂದು ಕಾಣದಿರಲು ಎಫ್‌ಮಾಸ್ಕ್ 133 (ಕಡತಗಳಿಂದ ತೆಗೆಯುವ ಅನುಮತಿಗಳು), ಡಿಮಾಸ್ಕ್ 022 (ಫೋಲ್ಡರುಗಳಿಂದ ತೆಗೆಯುವ ಅನುಮತಿಗಳು) ಎಂದು ಬರೆದೆ. ನೋಫೇಲ್ ಎಂಬ ಆಯ್ಕೆಯನ್ನು ಮರೆಯಬಾರದು. ಅದಿಲ್ಲದಿದ್ದರೆ ಡಿಸ್ಕು ಕಾಣದ ದಿನ ಉಬುಂಟು 90 ಸೆಕೆಂಡು ಕಾದು, ಕೊನೆಗೆ ತುರ್ತು ಪರದೆಯಲ್ಲಿ ನಿಂತುಬಿಡುತ್ತದೆ.

ಅದೇ ಸಾಲಿನಲ್ಲಿ ವಿಂಡೋಸ್ ನೇಮ್ಸ್ ಎಂಬ ಆಯ್ಕೆಯನ್ನೂ ಸೇರಿಸಿದ್ದೇನೆ. ಪ್ರಶ್ನಾರ್ಥಕ ಚಿಹ್ನೆ, ವಿವರಣಾ ಚಿಹ್ನೆ (:) ಇವುಗಳಿರುವ ಹೆಸರನ್ನು ಉಬುಂಟು ಒಪ್ಪಿದರೂ ವಿಂಡೋಸ್ ಒಪ್ಪುವುದಿಲ್ಲ. ಪುಸ್ತಕದ ಶೀರ್ಷಿಕೆಗಳನ್ನೇ ಕಡತದ ಹೆಸರಾಗಿಸುವ ನನ್ನಂಥವರಿಗೆ ಇದು ದಿನನಿತ್ಯದ ವಿಷಯ. ಈ ಆಯ್ಕೆಯಿದ್ದರೆ ಅಂಥ ಹೆಸರನ್ನು ಉಬುಂಟುವೇ ತಡೆಯುತ್ತದೆ. ಇಂಗ್ಲಿಷ್ ಹೆಸರುಗಳಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳಷ್ಟೇ ಬೇರೆಯಾಗಿರುವ ಎರಡು ಕಡತಗಳನ್ನು ಲಿನಕ್ಸ್ ಬೇರೆಬೇರೆಯೆಂದು ಎಣಿಸುತ್ತದೆ, ವಿಂಡೋಸ್ ಎಣಿಸುವುದಿಲ್ಲ. ಕನ್ನಡದ ಹೆಸರುಗಳಿಗೆ ಆ ತೊಂದರೆಯೇ ಇಲ್ಲ.

ಹಂಚಿಕೊಂಡ ಡ್ರೈವಿನಲ್ಲಿ ಎಲ್ಲವನ್ನೂ ಇಡಬೇಕಾಗಿಲ್ಲ. ಪೈಥಾನ್ ಪರಿಸರಗಳು, ಸ್ಕ್ರಿಪ್ಟುಗಳು, ಕಡತಗಳ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ಭಂಡಾರಗಳು ಉಬುಂಟುವಿನ ಹೋಮ್ ಫೋಲ್ಡರಿನಲ್ಲೇ ಇವೆ, ಏಕೆಂದರೆ ಅವು ಲಿನಕ್ಸಿನ ಅನುಮತಿ ವ್ಯವಸ್ಥೆಯನ್ನು ಅವಲಂಬಿಸಿವೆ. ಡ್ರೈವಿನಲ್ಲಿರುವುದು ಚಿತ್ರ, ಪಠ್ಯ, ಪಿಡಿಎಫ್ ಮತ್ತು ಪುಟವಿನ್ಯಾಸದ ಕಡತಗಳು ಮಾತ್ರ. ಉಬುಂಟುವಿನಲ್ಲಿ ಅಳಿಸಿದ ಚಿತ್ರಗಳು ಇದೇ ಡ್ರೈವಿನ ಒಂದು ಗುಪ್ತ ಫೋಲ್ಡರಿನಲ್ಲಿ ಉಳಿಯುತ್ತವೆ, ವಿಂಡೋಸ್‌ನ ರೀಸೈಕಲ್ ಬಿನ್ ಖಾಲಿ ಮಾಡಿದರೆ ಅವು ಹೋಗುವುದಿಲ್ಲ. ಜಾಗ ಕಡಿಮೆಯಾದಂತೆ ಕಂಡರೆ ಮೊದಲು ಅಲ್ಲಿ ನೋಡಿ.

ಗಡಿಯಾರದ ವಿಷಯ ಚಿಕ್ಕದಾದರೂ ಕಡತಗಳಿಗೆ ಸಂಬಂಧಿಸಿದ್ದು. ಕಂಪ್ಯೂಟರಿನ ಒಳಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯವನ್ನು ಇಡುತ್ತದೆ, ಲಿನಕ್ಸ್ ವಿಶ್ವಸಮಯವನ್ನು ಇಡುತ್ತದೆ. ಹೀಗಾಗಿ ಉಬುಂಟುವಿನಿಂದ ವಿಂಡೋಸ್‌ಗೆ ಬಂದಾಗ, ಇಂಟರ್‌ನೆಟ್ಟಿನಿಂದ ಸಮಯ ಸರಿಯಾಗುವವರೆಗೆ ಗಡಿಯಾರ ಐದೂವರೆ ಗಂಟೆ ಹಿಂದಿರುತ್ತದೆ. ಆ ಅವಧಿಯಲ್ಲಿ ಉಳಿಸಿದ ಕಡತ ಹಳೆಯದೆಂದು ದಾಖಲಾಗಿ, ಹೊಸದನ್ನು ಮಾತ್ರ ನಕಲಿಸುವ ಬ್ಯಾಕಪ್ ಅದನ್ನು ಬಿಟ್ಟುಬಿಡಬಹುದು. ಭಾರತದಲ್ಲಿ ಬೇಸಿಗೆಯ ಸಮಯ ಬದಲಾವಣೆ ಇಲ್ಲವಾದ್ದರಿಂದ, ಟೈಮ್‌ಡೇಟ್‌ಸಿಟಿಎಲ್ ಆದೇಶದಿಂದ ಉಬುಂಟುವನ್ನೇ ಸ್ಥಳೀಯ ಸಮಯಕ್ಕೆ ಒಪ್ಪಿಸಿದೆ.

ಬ್ಯಾಕಪ್ಪಿಗೆ ಎಕ್ಸ್‌ಟಿ4 ಮಾದರಿಯ ಬೇರೊಂದು ಡಿಸ್ಕಿದೆ. ಕನ್ನಡದಲ್ಲಿ ಉದ್ದದ ಹೆಸರಿಡುವವರಿಗೆ ಇಲ್ಲೊಂದು ಎಚ್ಚರಿಕೆ ಬೇಕು. ಎನ್‌ಟಿಎಫ್‌ಎಸ್‌ನಲ್ಲಿ ಹೆಸರಿನ ಮಿತಿ 255 ಯುಟಿಎಫ್-16 ಘಟಕಗಳು (ಕನ್ನಡದ ಒಂದು ಯೂನಿಕೋಡ್ ಚಿಹ್ನೆಗೆ ಒಂದು ಘಟಕ), ಎಕ್ಸ್‌ಟಿ4ನಲ್ಲಿ 255 ಬೈಟುಗಳು. ಕನ್ನಡದ ಪ್ರತಿಯೊಂದು ಯೂನಿಕೋಡ್ ಚಿಹ್ನೆಗೂ ಯುಟಿಎಫ್-8 ಸಂಕೇತಕ್ರಮದಲ್ಲಿ 3 ಬೈಟು ಬೇಕು; ಆದ್ದರಿಂದ ಎಕ್ಸ್‌ಟಿ4ನಲ್ಲಿ ಹಿಡಿಸುವುದು ಕೇವಲ 85 ಚಿಹ್ನೆಗಳು. ಒತ್ತಕ್ಷರಗಳಿದ್ದರೆ ಇನ್ನೂ ಬೇಗ ಮುಗಿಯುತ್ತವೆ: ‘ಸ್ತ್ರೀ’ ಎಂಬ ಒಂದು ಅಕ್ಷರದಲ್ಲೇ 6 ಚಿಹ್ನೆ, 18 ಬೈಟುಗಳಿವೆ. ಡೇಟಾ ಡ್ರೈವಿನಲ್ಲಿ ಸರಿಯಾಗಿದ್ದ ಕಡತ, ಹೆಸರು ಉದ್ದವಾಯಿತೆಂಬ ಕಾರಣಕ್ಕೆ ಬ್ಯಾಕಪ್ಪಿನಲ್ಲಿ ನಕಲಾಗದೆ ಉಳಿಯುತ್ತದೆ. ಹಾಗಾಗಿ ಕಡತಕ್ಕೆ ಚಿಕ್ಕ ಹೆಸರಿಟ್ಟು, ಪೂರ್ಣ ಶೀರ್ಷಿಕೆ, ಲೇಖಕರು, ಮುದ್ರಣಾಲಯ, ಪ್ರಕಟವಾದ ವರ್ಷಗಳನ್ನು ಅದೇ ಫೋಲ್ಡರಿನ ಒಂದು ಪಠ್ಯ ಕಡತದಲ್ಲಿ ಬರೆದಿಡುತ್ತೇನೆ.