ತುರಿಕೆ ಮರವನ್ನು ಹರ್ಬೇರಿಯಂ ಹಾಳೆಗೆ ತರುವ ಬಗೆ: ನನ್ನ ಅನುಭವ

ತುರಚೆ ಅಂದರೆ ಒರಟು ಎಲೆ, ಮೈಯೆಲ್ಲ ರೋಮ ಎಂದುಕೊಂಡವರು ತುರಿಕೆ ಮರದ (ಡೆಂಡ್ರೊಕ್ನೈಡ್ ಸಿನುಯೇಟಾ) ಮುಂದೆ ಮೋಸಹೋಗುತ್ತಾರೆ. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ, ಹಳ್ಳದ ಬದಿಯ ತೇವದ ನೆರಳಲ್ಲಿ ಇದು ಪೊದೆಯಾಗಿ ಇಲ್ಲವೇ ಸಣ್ಣ ಮರವಾಗಿ ಬೆಳೆಯುತ್ತದೆ. ಎಲೆ ಒಂದಡಿ ಮೀರುವುದೂ ಉಂಟು. ಮೇಲ್ಮೈ ನುಣುಪು, ಅಂಚು ಅಲೆಅಲೆ. ಚುಚ್ಚುವ ರೋಮ ಹೆಚ್ಚಾಗಿ ಇರುವುದು ಹೂಗೊಂಚಲು, ಎಳೆ ಚಿಗುರು, ಎಲೆತೊಟ್ಟು ಮತ್ತು ಎಲೆಯಡಿಯ ನರಗಳ ಮೇಲೆ. ಹರ್ಬೇರಿಯಂ ಹಾಳೆಗೆ, ಅಂದರೆ ಒಣಗಿಸಿದ ಗಿಡವನ್ನು ಅಂಟಿಸಿ ಅಧ್ಯಯನಕ್ಕೆ ಕಾಪಿಡುವ ಹಾಳೆಗೆ, ನಮಗೆ ಬೇಕಾದದ್ದೂ ಇವೇ ಭಾಗಗಳು. ಹೂವಿಲ್ಲದ ಕೊಂಬೆ ತಂದರೆ ಗುರುತಿಸುವವರಿಗೆ ಅರ್ಧ ಕೆಲಸವೂ ಆಗದು. ಗಂಡು ಹೂ, ಹೆಣ್ಣು ಹೂ ಬೇರೆಬೇರೆ ಮರದಲ್ಲಿ ಬಿಡುವುದರಿಂದ ಎರಡರಿಂದಲೂ ಕೊಂಬೆ ಬೇಕು.

ಪ್ರತಿ ರೋಮವೂ ಸಿಲಿಕಾದಿಂದ ಗಟ್ಟಿಯಾದ ಟೊಳ್ಳು ಸೂಜಿ. ತಾಗಿದೊಡನೆ ತುದಿಯ ಪುಟ್ಟ ಗುಬುಟು ಮುರಿದು, ಉಳಿದ ಚೂಪು ಚರ್ಮದೊಳಗೆ ಹೋಗಿ ವಿಷ ಬಿಡುತ್ತದೆ. ಇದೇ ಕುಲದ ಆಸ್ಟ್ರೇಲಿಯಾದ ಮರಗಳಲ್ಲಿ, ಜಿಂಪಿ-ಜಿಂಪಿ ಸೇರಿದಂತೆ, ನೋವಿನ ಸಂಕೇತ ದಾಟಿಸುವ, ನರಗಳ ಪುಟ್ಟ ಬಾಗಿಲುಗಳಾದ ಸೋಡಿಯಂ ಚಾನೆಲ್‌ಗಳನ್ನು ಸರಿಯಾಗಿ ಮುಚ್ಚಗೊಡದ ಸಣ್ಣ ಪ್ರೋಟೀನುಗಳಾದ ಪೆಪ್ಟೈಡ್‌ಗಳಿವೆ ಎಂದು 2020ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ದಶಕಗಳ ಹಿಂದೆ ಒಣಗಿಸಿಟ್ಟ ಜಿಂಪಿ-ಜಿಂಪಿ ಎಲೆ ಇಂದಿಗೂ ಚುಚ್ಚುತ್ತದೆ. ಒಣಗಿದ ಮೇಲೆ ಅಪಾಯ ಹೋಯಿತು ಎಂಬ ಲೆಕ್ಕ ಈ ಕುಲಕ್ಕೆ ಹಾಕಲೇಬಾರದು.

ಕೊಯ್ಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪತ್ರ ಕೈಯಲ್ಲಿರಬೇಕು. ಉಣ್ಣೆ ಅಥವಾ ಬಟ್ಟೆಯ ಗ್ಲೌಸ್ ಉಪಯೋಗವಿಲ್ಲ, ನೇಯ್ಗೆಯ ಸಂದಿಯಲ್ಲಿ ರೋಮ ತೂರುತ್ತದೆ. ವೆಲ್ಡಿಂಗ್ ಕೆಲಸದವರು ಹಾಕುವ ಮೊಣಕೈವರೆಗಿನ ಚರ್ಮದ ಗ್ಲೌಸ್ ನನಗೆ ಹಿಡಿಸಿದೆ. ದಪ್ಪ ಬಟ್ಟೆಯ ತುಂಬುತೋಳಿನ ಅಂಗಿ, ಕಣ್ಣಿಗೆ ಮುಚ್ಚುಗನ್ನಡಕ, ಮೂಗಿಗೆ ಎನ್95 ಮಾಸ್ಕ್. ಗ್ಲೌಸ್ ತಾನೇ ದೊಡ್ಡ ಅಪಾಯ ಅನ್ನುವುದನ್ನು ಹೊಸಬರು ಮರೆಯುತ್ತಾರೆ. ಗಿಡ ಹಿಡಿದ ಗ್ಲೌಸಿನಲ್ಲೇ ಬೆವರು ಒರೆಸಿಕೊಂಡರೆ, ಉಂಬಳ ಕೀಳಲು ಕಾಲಿಗೆ ಕೈ ಹಾಕಿದರೆ, ರೋಮ ಅಲ್ಲಿಗೆ ದಾಟುತ್ತದೆ. ಅದಕ್ಕೇ ಕೆಲಸ ಇಬ್ಬರದು: ಒಬ್ಬರು ಗಿಡ ಮುಟ್ಟಬೇಕು, ಇನ್ನೊಬ್ಬರು ನೋಟ್‌ಬುಕ್, ಜಿಪಿಎಸ್, ನೀರಿನ ಬಾಟಲಿ.

ಉದ್ದ ಹಿಡಿಯ ಕತ್ತರಿಯಿಂದ 35 ಸೆಂಟಿಮೀಟರಿನಷ್ಟು ಕೊಂಬೆ ಕತ್ತರಿಸುತ್ತೇನೆ. ಕೊಂಬೆಯನ್ನು ಎಳೆಯಬಾರದು, ಒದರಬಾರದು. ಬಿಡಿ ರೋಮ ಗಾಳಿಗೇರಿದರೆ ಮೂಗು, ಗಂಟಲು ಉರಿಯುತ್ತದೆ. ಗಾಳಿ ಬೆನ್ನ ಕಡೆಯಿಂದ ಬರುವಂತೆ ನಿಂತು, ಕತ್ತರಿಸಿದ್ದನ್ನು ನೇರ ಪತ್ರಿಕೆ ಹಾಸಿನ ಮೇಲೆ ಬೀಳಿಸುತ್ತೇನೆ. ಉದ್ದನೆ ಇಕ್ಕಳದಲ್ಲಿ ಎಲೆ ಹರಡಿ, ಒಂದು ಎಲೆಯ ಅಡಿಭಾಗ ಮೇಲೆ ಕಾಣುವಂತೆ ಮಗುಚುತ್ತೇನೆ. ಹಾಳೆಯ ಅಳತೆ 28×42 ಸೆಂಟಿಮೀಟರ್, ಉದ್ದ ಎಲೆ ಮಡಿಚಲೇಬೇಕು. ಮಡಿಚುವುದು ಅಲ್ಲೇ, ಹಸಿಯಾಗಿರುವಾಗ. ಬಾಡಿದ ಮೇಲೆ ಮಡಿಚಿದರೆ ನರ ಮುರಿದು ರೋಮ ಉದುರುತ್ತದೆ. ಮರದ ಎತ್ತರ, ಗಂಡೋ ಹೆಣ್ಣೋ, ಜಾಗ, ಸಮುದ್ರಮಟ್ಟದಿಂದ ಎತ್ತರ ಎಲ್ಲವನ್ನೂ ಅಲ್ಲಿಯೇ ಬರೆಸುತ್ತೇನೆ.

ಆಮೇಲೆ ಕೊಂಬೆಯನ್ನು ಕಾಗದಗಳ ನಡುವೆ ಪ್ರೆಸ್ಸಿನಲ್ಲಿ (ಗಿಡವನ್ನು ಒತ್ತಿ ಒಣಗಿಸುವ ಚೌಕಟ್ಟು) ಒಣಗಿಸುವುದು. ಮಲೆನಾಡಿನ ತೇವದಲ್ಲಿ ಮೊದಲ ಮೂರು ದಿನ ದಿನಕ್ಕೊಮ್ಮೆ ಕಾಗದ ಬದಲಿಸದಿದ್ದರೆ ಎಲೆ ಕಪ್ಪಾಗಿ ಬೂಸ್ಟು ಹಿಡಿಯುತ್ತದೆ. ಬೇರೆ ಗಿಡಗಳ ಕಾಗದವನ್ನು ಬಿಸಿಲಿಗೆ ಹಾಕಿ ಮತ್ತೆ ಬಳಸುತ್ತೇವೆ, ಇದರದ್ದನ್ನು ಬಳಸಲೇಬಾರದು. ಒದರದೆ ಒಳಮುಖವಾಗಿ ಮಡಿಚಿ ಹೂಳುತ್ತೇನೆ. ಪ್ರೆಸ್ಸಿನಲ್ಲಿ ಇದರ ಜೊತೆ ಬೇರೆ ಮಾದರಿ ಇಡುವುದಿಲ್ಲ. ಹಾಳೆಗೆ ಹಚ್ಚುವಾಗ ಅಂಟು ಮೊದಲು ಹಾಳೆಗೆ, ಆಮೇಲೆ ಇಕ್ಕಳದಲ್ಲಿ ಗಿಡ, ಕಾಂಡಕ್ಕೆ ದಾರದ ಹೊಲಿಗೆ. ಉದುರಿದ ಚೂರನ್ನು ಸಣ್ಣ ಲಕೋಟೆಗೆ ಹಾಕಿ ಬಾಯಿ ಅಂಟಿಸುತ್ತೇನೆ. ಮೇಲೊಂದು ಪಾರದರ್ಶಕ ಹೊದಿಕೆ, ಲೇಬಲ್ಲಿನಲ್ಲೂ ಹೊರ ಕವರಿನಲ್ಲೂ ಕೆಂಪಕ್ಷರದಲ್ಲಿ ‘ಚುಚ್ಚುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ’.

ಇಷ್ಟಾಗಿಯೂ ತಾಗಿದರೆ ಉಜ್ಜಬಾರದು, ಕೆರೆಯಬಾರದು. ಉಜ್ಜಿದರೆ ನಿಂತ ರೋಮವೂ ಒಳಗೆ ಮುರಿಯುತ್ತದೆ. ಅಗಲ ಪ್ಯಾಕಿಂಗ್ ಟೇಪನ್ನು ಮೆಲ್ಲಗೆ ಒತ್ತಿ, ನೇರವಾಗಿ ಎಳೆದು ತೆಗೆಯಬೇಕು. ಪ್ರತಿ ಸಲ ಹೊಸ ತುಂಡು, ಟೇಪಿನಲ್ಲಿ ರೋಮ ಕಾಣದಾಗುವವರೆಗೆ. ಕೂದಲು ತೆಗೆಯುವ ವ್ಯಾಕ್ಸ್ ಪಟ್ಟಿ ಇನ್ನೂ ಒಳ್ಳೆಯದು. ಹಳ್ಳದ ನೀರಿಗೆ ಕೈ ಅದ್ದುವ ಆಸೆ ತಡೆದುಕೊಳ್ಳಬೇಕು. 19ನೇ ಶತಮಾನದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಇದೇ ಮರದ ಎಲೆ ಮೂರು ಬೆರಳಿಗೆ ತಾಗಿಸಿಕೊಂಡ ಫ್ರೆಂಚ್ ಸಸ್ಯವಿಜ್ಞಾನಿ ಲೆಶೆನೊ, ಮೊದಲು ಸಣ್ಣ ಚುಚ್ಚು ಮಾತ್ರ ಅನಿಸಿತೆಂದೂ, ಆಮೇಲೆ ನೋವು ಕಂಕುಳವರೆಗೆ ಏರಿತೆಂದೂ, ನೀರು ತಾಗಿದಾಗ ಮತ್ತೆ ಕೆರಳಿತೆಂದೂ, ಒಂಬತ್ತು ದಿನ ಕಾಡಿತೆಂದೂ ಬರೆದಿದ್ದಾರೆ. ಅಲರ್ಜಿ ಮಾತ್ರೆಯಿಂದ ತುರಿಕೆ ಸ್ವಲ್ಪ ತಗ್ಗಬಹುದು. ನರದ ನೋವಿಗೆ ಅದನ್ನೇ ನಂಬಿ ಕೂರಬಾರದು. ಕಣ್ಣಿಗೆ ಬಿದ್ದರೆ ಮಾತ್ರ ಟೇಪಿನ ಮಾತಿಲ್ಲ, ಶುದ್ಧ ನೀರು ಸುರಿಯುತ್ತಲೇ ವೈದ್ಯರ ಬಳಿ ಹೋಗಬೇಕು. ಉಸಿರು ಕಟ್ಟಿದರೆ, ಮುಖ ಊದಿದರೆ, ದವಡೆ ಬಿಗಿದರೆ ಆಸ್ಪತ್ರೆಗೆ ತಡಮಾಡಬಾರದು. ಗಿಡದ ಹೆಸರನ್ನು ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಬೇಕು.