ಪ್ಯಾಂಟಿನ ಹಿಂದೆ ಕೆಸರಿನ ಚುಕ್ಕೆ ಬೀಳದಿರಲು
ಮಳೆಗಾಲ ಮುಗಿಯುವವರೆಗೆ ಹವಾಯಿ ಚಪ್ಪಲಿ ಬಿಟ್ಟು ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿ. ಹವಾಯಿಯ ಹಿಂಭಾಗ ಸಡಿಲ ಅಲ್ವಾ, ಪ್ರತಿ ಹೆಜ್ಜೆಗೂ ಅದು ಪಟ್ ಅಂತ ಹಿಮ್ಮಡಿಗೆ ಬಡಿದು ರಸ್ತೆಯ ನೀರನ್ನು ಮೇಲಕ್ಕೆ ಚಿಮ್ಮಿಸುತ್ತದೆ, ಅದಕ್ಕೇ ಮಂಗಳೂರಿನ ಹಂಪನಕಟ್ಟೆಯಿಂದ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದವರೆಗೆ ನಡೆದರೆ ಸಾಕು, ಮೊಣಕಾಲಿನ ಹಿಂದಿನವರೆಗೂ ಕೆಂಪು ಚುಕ್ಕೆ ಕೂತಿರುತ್ತದೆ. ಪಟ್ಟಿ ಇದ್ದರೆ ಚಪ್ಪಲಿ ಕಾಲಿಗೇ ಅಂಟಿಕೊಂಡಿರುತ್ತದೆ, ಚಿಮ್ಮುವುದು ತುಂಬಾ ಕಡಿಮೆ. ಪಟ್ಟಿಯನ್ನು ಬಿಗಿಯಾಗಿಯೇ ಹಾಕಿ, ಸುಮ್ನೆ ಹಿಮ್ಮಡಿ ಕೆಳಗೆ ಮಡಚಿ ತುಳಿದುಕೊಂಡು ಹೋದರೆ ಅದೂ ಹವಾಯಿಯೇ. ಜೊತೆಗೆ ಜೀನ್ಸ್ ಬದಲು ತೆಳು ಪಾಲಿಯೆಸ್ಟರ್ ಪ್ಯಾಂಟ್ ಆದರೆ ಇನ್ನೂ ಒಳ್ಳೆಯದು, ನೀರು ಕುಡಿಯುವುದು ಕಡಿಮೆ, ರಾತ್ರಿ ಫ್ಯಾನ್ ಕೆಳಗೆ ಹಾಕಿದರೆ ಬೆಳಿಗ್ಗೆಗೆ ಒಣಗಿರುತ್ತದೆ. ಜೀನ್ಸ್‌ನ ಸೊಂಟ ಮತ್ತು ಜೇಬು ಜುಲೈಯಲ್ಲಿ ಎರಡು ದಿನವಾದರೂ ತಣ್ಣಗೇ ಇರುತ್ತವೆ, ಆ ಮುಗ್ಗಲು ವಾಸನೆ ಬೇರೆ. ಬಿಳಿ ಪ್ಯಾಂಟಿನ ಆಸೆ ಬಿಡಿ, ನಮ್ಮ ಮಣ್ಣಿನ ಕಲೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಪಕ್ಕದಲ್ಲಿ ಬಸ್ಸು ಗುಂಡಿಗೆ ಇಳಿದರೆ ಮಾತ್ರ ಯಾವ ಸ್ಯಾಂಡಲೂ ಕಾಪಾಡುವುದಿಲ್ಲ. ಅಡಿ ಸವೆದಿದ್ದರೆ ಪಾಚಿ ಕಟ್ಟಿದ ಅಂಗಳದಲ್ಲಿ ಜಾರುತ್ತದೆ, ಅಂಥದ್ದನ್ನು ಹಾಕಲೇಬೇಡಿ.